ದೂರೇಕ್ಷಕನ ನಾಲ್ಕನೆಯ ಸುತ್ತು

ಉತ್ತರ ಧ್ರುವದ ಕಡಲಿನಲ್ಲಿ ಬೇಸಿಗೆ ಮೊದಲಾಗಿ, ಮಂಜುಗಡ್ಡೆಯ ಮೇಲೆ ಕರಗಿದ ನೀರು ಮಡುಗಟ್ಟುತ್ತಿದ್ದ ಕಾಲ. ನೂರು ನಿಮಿಷಕ್ಕೊಮ್ಮೆ ಆ ಮಾರ್ಗವಾಗಿ ಹಾದುಹೋಗುವ ದೂರೇಕ್ಷಕನೆಂಬ ಉಪಗ್ರಹವು ಕೆಳಗೆ ಮಲಗಿದ್ದ ಶ್ವೇತರೋಮನೆಂಬ ಹಿಮಕರಡಿಯನ್ನು ಕೂಗಿ ಹೇಳಿತು: "ಅಯ್ಯಾ, ನೀನು ಮಲಗಿರುವ ಮಂಜುಗಡ್ಡೆ ತೆಳುವಾಗಿದೆ. ನಾನು ನಾಲ್ಕನೆಯ ಸುತ್ತು ಬರುವುದರೊಳಗೆ ಒಡೆಯುತ್ತದೆ. ಈಗಲೇ ದಡಕ್ಕೆ ನಡೆ."

"ಓಹೋ, ಬಂದರು ತ್ರಿಕಾಲಜ್ಞಾನಿಗಳು! ಹೋದ ವರ್ಷ ಗಡ್ಡೆಯ ಮೇಲಿನ ಮೊಣಕಾಲುದ್ದದ ನೀರನ್ನು ಕಂಡು, ಇಲ್ಲಿ ಗಡ್ಡೆಯೇ ಇಲ್ಲ, ಬರಿಯ ಕಡಲಿದೆ ಎಂದವರು ತಾವೇ ಅಲ್ಲವೇ?"

"ಹೌದು, ಮೇಲಿನ ನೀರು ನನ್ನನ್ನು ವಂಚಿಸಿತು. ಈ ಸಲ ನಾನು ಅಳೆದಿರುವುದು ಗಡ್ಡೆಯ ದಪ್ಪವನ್ನು..." ಎನ್ನುವಷ್ಟರಲ್ಲಿ ದೂರೇಕ್ಷಕನು ದಿಗಂತದಾಚೆ ಇಳಿದುಹೋದನು.

ಎರಡನೆಯ ಸುತ್ತಿನಲ್ಲಿ ಅವನು ಬಾಯಿ ತೆರೆಯುವ ಮೊದಲೇ ಕರಡಿ ಕೇಳಿತು: "ಆ ತಪ್ಪನ್ನು ಸೀಲುಗಳ ಸಭೆಯಲ್ಲಿಯೂ ಒಪ್ಪಿಕೊಳ್ಳುವಿರಾ?" ಉತ್ತರ ಕೊಡುವುದರಲ್ಲಿಯೇ ಆ ಸುತ್ತು ಕಳೆಯಿತು.

ಮೂರನೆಯ ಸುತ್ತಿಗೆ ದೂರೇಕ್ಷಕನ ಸಹನೆ ತೀರಿತ್ತು. "ಒಪ್ಪಿದೆ ಮಹಾರಾಯಾ, ಎಲ್ಲರ ಮುಂದೆಯೂ ಒಪ್ಪಿದೆ! ಮೊದಲು ಎದ್ದು ನಡೆ!"

"ಈ ಮಾತಿನಲ್ಲಿ ವಿನಯವಿಲ್ಲ" ಎಂದು ಶ್ವೇತರೋಮನು ಮಗ್ಗುಲು ಬದಲಿಸಿದನು.

ನಾಲ್ಕನೆಯ ಸುತ್ತಿಗೆ ಗಡ್ಡೆ ಒಡೆದಿತ್ತು. ಎರಡು ದಿನ ಈಜಿ, ಎಲುಬಿನ ಹಂದರವಾಗಿ ದಡ ಸೇರಿದ ಶ್ವೇತರೋಮನು, ಹೇಳಬೇಕಾದವರು ಹೊತ್ತಿಗೆ ಸರಿಯಾಗಿ ಹೇಳಲಿಲ್ಲವೆಂದು ಕಂಡಕಂಡವರಲ್ಲಿ ದೂರಿಕೊಂಡು ತಿರುಗಿದನು.