ಹನ್ನೊಂದು ಗೂಡುಗಳ ಗುರು

ಹೆಚ್ಚು ಗೂಡು ಕಟ್ಟಿದವನೇ ಹೆಚ್ಚು ತಿಳಿದವನು ಎಂದು ಬಾವಿಯ ಮೇಲೆ ಬಾಗಿದ ಜಾಲಿಮರದ ಗೀಜಗಗಳೆಲ್ಲ ಆಗ ನಂಬಿದ್ದವು. ಆ ಮರದಲ್ಲಿ ಹನ್ನೊಂದು ಗೂಡು ಕಟ್ಟಿದ್ದ ಹಿರಿಯ ಗೀಜಗವೊಂದಿತ್ತು. ಈಗ ಅದು ಕಟ್ಟುವುದನ್ನು ಬಿಟ್ಟು, ಕಟ್ಟುವವರಿಗೆ ದಾರಿ ತೋರಿಸುತ್ತಿತ್ತು. ಒಂದು ಸಲಹೆಗೆ ಹತ್ತು ಭತ್ತದ ಕಾಳು.

ಮೊದಲ ಗೂಡನ್ನು ಅರ್ಧ ನೇಯ್ದಿದ್ದ ಎಳೆಯ ಗೀಜಗಕ್ಕೆ ಅಳುಕು. ಹೆಣ್ಣು ಬಂದು ನೋಡಿ ಒಪ್ಪದಿದ್ದರೆ ಈ ವರ್ಷ ಸಂಸಾರವಿಲ್ಲ. ಹತ್ತು ಕಾಳು ದುಬಾರಿ ಅನ್ನಿಸಿತು. ಆದರೂ ಹನ್ನೊಂದು ಗೂಡೆಂದರೆ ಸುಮ್ಮನೆಯೇ ಎಂದುಕೊಂಡು ಹೋಯಿತು.

"ಗುರುಗಳೇ, ಬಾಗಿಲು ಎಷ್ಟು ಅಗಲ ಇಡಲಿ?"

"ಬಾಗಿಲು ಆಮೇಲೆ, ತಮ್ಮಾ. ನೀನು ಯಾಕೆ ನೇಯುತ್ತಿದ್ದೀಯ, ಅದನ್ನು ಮೊದಲು ಕಂಡುಕೋ. ನೇಯ್ದದ್ದನ್ನೆಲ್ಲ ಬಿಚ್ಚಿ ಮೂರು ದಿನ ಸುಮ್ಮನೆ ಕೂತು ಯೋಚಿಸು."

ಎಳೆಯದು ಬಿಚ್ಚಿತು, ಕೂತಿತು. ಮೂರನೆಯ ದಿನ ಹೆಣ್ಣು ಬಂತು, ಬರಿಯ ಕೊಂಬೆ ನೋಡಿ ನಕ್ಕಿತು.

"ಹಿರಿಯರ ಮಾತು ಕೇಳಿಯೇ ಬಿಚ್ಚಿದೆ. ಅವರು ಹನ್ನೊಂದು ಕಟ್ಟಿದವರು," ಎಂದಿತು ಎಳೆಯದು.

"ಗೊತ್ತು ಮಾರಾಯ, ಹನ್ನೊಂದನ್ನೂ ನಾವೇ ನೋಡಿ ಬಂದಿದ್ದೇವೆ," ಎಂದು ಹೆಣ್ಣು ಪಕ್ಕದ ಕೊಂಬೆಯ ಗೂಡಿಗೆ ಹಾರಿತು.

ಆ ಹನ್ನೊಂದರಲ್ಲಿ ಒಂದರಲ್ಲೂ ಯಾವ ಹೆಣ್ಣೂ ಮೊಟ್ಟೆ ಇಟ್ಟಿರಲಿಲ್ಲ.