ದುಗ್ಗ ಬಿಟ್ಟ ಬಲೆಯೂ ಏಡಿಯ ಅಡ್ಡ ನಡಿಗೆಯೂ

ಕಡಲಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿಯದಿದ್ದ ಕಾಲ ಅದು. ಮೀನಿಗೂ ಗಾಳಿಗೂ ಮನುಷ್ಯರಿಗೂ ಒಂದೇ ಮಾತು ತಿಳಿಯುತ್ತಿತ್ತು. ಏಡಿ ಆಗ ನಮ್ಮ ನಿಮ್ಮ ಹಾಗೆ ನೇರ ನಡೆಯುತ್ತಿತ್ತು. ನಡೆಯುವುದೇನು, ಎದೆ ಸೆಟೆಸಿಕೊಂಡು ಮೆರೆಯುತ್ತಿತ್ತು!

ದಡದ ಊರಿನಲ್ಲಿ ದುಗ್ಗ ಎಂಬ ಮೀನುಗಾರನಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ದಿನ ಅವನ ಬಲೆ ನೀರಿನಡಿಯ ಕಲ್ಲಿಗೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಮುಳುಗಿ ಬಿಡಿಸಲು ಸೋಮಾರಿತನ. ಹಗ್ಗ ಕೊಯ್ದು ದೋಣಿ ತಿರುಗಿಸಿದ.

"ಬಲೆ ಎಲ್ಲಿ?" ಎಂದಳು ಹೆಂಡತಿ ಚಿಕ್ಕು.

ಬಿಟ್ಟು ಬಂದೆ ಅನ್ನಲು ನಾಚಿಕೆ. "ಕಡಲಮ್ಮನಿಗೆ ಕೊಟ್ಟೆ ಕಾಣ್" ಅಂದುಬಿಟ್ಟ.

ಆ ಊರಿನಲ್ಲೊಂದು ಕಟ್ಟು ಇತ್ತು. ಮಳೆಗಾಲ ಮುಗಿದು ದೋಣಿ ಇಳಿಸುವ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಕೊಡುತ್ತಾರೆ. ಕೊಟ್ಟದ್ದನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಹಾಗಾಗಿ ದುಗ್ಗನ ಬಲೆಯನ್ನೂ ಯಾರೂ ಮುಟ್ಟಲಿಲ್ಲ.

ಬಲೆಗೆ ಇದೆಲ್ಲ ಗೊತ್ತೇ? ಹಿಡಿಯುವುದು ಅದರ ಕೆಲಸ, ಹಿಡಿಯುತ್ತಲೇ ಇತ್ತು. ಬಂಗುಡೆ ಹಿಡಿಯಿತು, ಅದು ಕೊಳೆಯಿತು. ಆ ವಾಸನೆಗೆ ಬಂದ ತೊರಕೆ ಮೀನನ್ನೂ ಹಿಡಿಯಿತು, ಅದೂ ಕೊಳೆಯಿತು. ಯಾರ ಹೊಟ್ಟೆಗೂ ಆಗದ ಸಾವು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಂದು ಬೆಳಿಗ್ಗೆ ಮೊಟ್ಟೆ ಇಡಲು ದಡಕ್ಕೆ ಹೊರಟ ಕಡಲಾಮೆ ಅದರಲ್ಲಿ ಸಿಕ್ಕಿಬಿದ್ದಳು. ನೀರಿನಲ್ಲೇ ಇದ್ದರೂ ಆಮೆ ಉಸಿರಿಗೆ ಮೇಲೆ ಬರಲೇಬೇಕು ಮಗಾ.

"ಏಡಿಯಣ್ಣ, ಉಸಿರು ಮುಗಿಯುತ್ತಾ ಬಂತು!" ಎಂದು ಕೂಗಿದಳು.

ಏಡಿ ನೇರ ನುಗ್ಗಿತು. ಬಲೆಯ ಒಂದು ಕಣ್ಣು ಕತ್ತರಿಸಿ ಮುಂದೆ ಹೆಜ್ಜೆ ಇಟ್ಟಿತು. ಮುಂದಿನ ಕಣ್ಣಿಗೆ ಅದರದ್ದೇ ಕಾಲು ಸಿಕ್ಕಿತು. ಒಂದು ಕಾಲು ಕಳಚಿಕೊಂಡು ಹೇಗೋ ಹೊರಬಂತು. ಮೆರೆದದ್ದೆಲ್ಲ ಇಳಿದುಹೋಯಿತು.

"ಕಡಲಮ್ಮ, ನಿನಗೆ ಕೊಟ್ಟ ಬಲೆಯಂತೆ. ನೀನೇ ಎತ್ತಿ ಬಿಸಾಡು!" ಎಂದು ಏಡಿ ಕೂಗಿತು.

"ನಾನು ಕೇಳಿದ್ದೇ ಇಲ್ಲವಲ್ಲ ಮಗಾ," ಎಂದಳು ಕಡಲಮ್ಮ. "ಎತ್ತಲು ನನಗೆ ಕೈಯೂ ಇಲ್ಲ. ಕೈ ಇರುವವನಿಗೆ ಹೇಳಿ ಕಳಿಸುತ್ತೇನೆ. ನೀನು ಬಲೆಯೊಳಗೆ ಹೋಗಬೇಡ. ಅದಕ್ಕೆ ಮುಖ ಕೊಟ್ಟು ನಿಲ್ಲು. ಅಂಚಿನಲ್ಲೇ ಪಕ್ಕಕ್ಕೆ ಜರುಗು, ಕತ್ತರಿಸು. ಜರುಗು, ಕತ್ತರಿಸು."

ಗಾಳಿ ದುಗ್ಗನ ಅಂಗಳಕ್ಕೆ ಓಡಿತು. "ದುಗ್ಗಾ, ನಿನ್ನ ಕಾಣಿಕೆ ಆಮೆಯ ಕುತ್ತಿಗೆ ಬಿಗಿದಿದೆ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿತು.

ಚಿಕ್ಕು ಗಂಡನ ಮುಖ ನೋಡಿದಳು. "ಅದು ಕಾಣಿಕೆಯಾ? ನಿಜ ಹೇಳಿ ಕಾಂಬ."

ದುಗ್ಗ ಇಕ್ಕಟ್ಟಿಗೆ ಸಿಕ್ಕಿದ. ಸುಳ್ಳು ಒಪ್ಪಿಕೊಂಡರೆ ಊರೆಲ್ಲ ನಗುತ್ತದೆ. ಒಪ್ಪದಿದ್ದರೆ ಬಲೆ ಎತ್ತಲು ಒಬ್ಬರೂ ಬರುವುದಿಲ್ಲ.

"ಕೊಟ್ಟದ್ದಲ್ಲ," ಎಂದ ಕೊನೆಗೆ. "ಬಿಟ್ಟ್ ಬಂದದ್ದ್."

ಯಾರೂ ನಗಲಿಲ್ಲ. ನಗಲು ಪುರುಸೊತ್ತೆಲ್ಲಿ? ಎಲ್ಲರೂ ದೋಣಿಗೆ ಓಡಿದರು.

ಕೆಳಗೆ ಏಡಿ ಜರುಗಿತು, ಕತ್ತರಿಸಿತು. ಜರುಗಿತು, ಕತ್ತರಿಸಿತು. ಕಲ್ಲಿಗೆ ಬಿಗಿದಿದ್ದ ಅಂಚು ಕಳಚಿತು. ಮೇಲೆ ದುಗ್ಗ, ಚಿಕ್ಕು, ಊರವರೆಲ್ಲ ಸೇರಿ ಎಳೆದರು. ಬಲೆಯ ಜೊತೆ ಆಮೆಯೂ ಬಂದಳು. ಕಣ್ಣು ಮುಚ್ಚಿತ್ತು. ದುಗ್ಗ ಅವಳ ಕುತ್ತಿಗೆಗೆ ಬಿಗಿದ ಬಲೆ ಬಿಡಿಸಿದ.

"ಹುಶ್" ಎಂದು ಆಮೆ ಉಸಿರು ಬಿಟ್ಟಳು. ದುಗ್ಗ ಅಲ್ಲೇ ಕುಳಿತು ಅತ್ತುಬಿಟ್ಟ.

"ಇನ್ನು ನೇರ ನಡೆ ಮಗಾ," ಎಂದಳು ಕಡಲಮ್ಮ ಏಡಿಗೆ.

"ಇದೊಂದೇ ಬಲೆಯಾ ಅಮ್ಮ? ಲೋಕದಲ್ಲಿ ದುಗ್ಗ ಒಬ್ಬನೇ ಇರುವುದಾ? ಅಭ್ಯಾಸ ತಪ್ಪಿಹೋದರೆ ಕಷ್ಟ," ಎಂದಿತು ಏಡಿ.

ಅದಕ್ಕೇ ಮಗಾ, ಇವತ್ತಿಗೂ ಮರಳಿನ ಮೇಲೆ ಏಡಿ ತನ್ನೆರಡು ಕತ್ತರಿ ಎತ್ತಿಕೊಂಡು ಅಡ್ಡಡ್ಡ ಓಡುತ್ತದೆ. ಬಿಟ್ಟ ಬಲೆಗಳನ್ನೆಲ್ಲ ನಾವು ಎತ್ತಿ ಮುಗಿಸುವ ತನಕ ಅದು ನೇರ ನಡೆಯುವುದಿಲ್ಲವಂತೆ.