ಬೀಗ ಕಳಚಿಕೊಂಡ ಇ-ಪುಸ್ತಕ

ನೆರೆಮನೆಗೆ ಎರವಲು ಹೋಗಿದ್ದ ಕಾಗದದ ಪುಸ್ತಕ ಅರಿಶಿನದ ಕಲೆ ಹೊತ್ತು ಮರಳಿದ್ದನ್ನು ಕಂಡು ಟ್ಯಾಬಿನೊಳಗಿನ ಇ-ಪುಸ್ತಕಕ್ಕೆ ಹೊಟ್ಟೆ ಉರಿಯಿತು.

“ಒಡತಿ ನನಗೂ ಕಾಸು ಕೊಟ್ಟಿದ್ದಾಳೆ. ದಾರಿ ಬಿಡಯ್ಯಾ,” ಎಂದು ನಕಲಾಗದಂತೆ ತನ್ನನ್ನು ಕಾಯುವ ಬೀಗವನ್ನು ಗದರಿತು.

“ಕೊಟ್ಟದ್ದು ಓದುವುದಕ್ಕೆ, ಹಂಚುವುದಕ್ಕಲ್ಲ. ನಾನು ನಿನ್ನನ್ನು ಮಾರಿದ ಅಂಗಡಿಯವನ ಆಳು,” ಎಂದಿತು ಬೀಗ.

ಒಡತಿ ಒಂದು ದಿನ ಆ ಬೀಗವನ್ನೇ ಮುರಿಸಿದಳು. ಸಂಜೆಯೊಳಗೆ ಇ-ಪುಸ್ತಕ ನಕಲು ನಕಲಾಗಿ ಊರಿನ ಮನೆಮನೆಗೂ ಹೋಯಿತು. ಕಾಗದದ ಪುಸ್ತಕ ಮತ್ತೆ ನೆರೆಮನೆಗಷ್ಟೇ ಹೋಯಿತು. ವಾರ ಕಳೆಯುವಷ್ಟರಲ್ಲಿ ಒಡತಿ ನೆರೆಯವಳನ್ನು ಕೂಗಿದಳು: “ನನ್ನ ಪುಸ್ತಕ ಎಲ್ಲಿ ಪದ್ದಕ್ಕಾ? ಕಪಾಟು ಬಿಕೋ ಅಂತಿದೆ.”

ಕಾಗದದ ಪುಸ್ತಕ ಮರಳಿದಾಗ ಇ-ಪುಸ್ತಕ ಕರುಬುತ್ತಾ ಕೇಳಿತು, “ನಾನು ಊರೆಲ್ಲ ಹೋದರೂ ಯಾರೂ ಕೂಗಲಿಲ್ಲವಲ್ಲ?”

“ನಾನು ಹೋದರೆ ಕಪಾಟು ಖಾಲಿಯಾಗುತ್ತದೆ ತಮ್ಮಾ. ನೀನು ಹೋದಾಗ ಖಾಲಿಯಾದದ್ದು ಅಂಗಡಿಯವನ ಗಲ್ಲಾಪೆಟ್ಟಿಗೆ. ಅವನ ಕೂಗು ಇಲ್ಲಿಗೆ ಕೇಳಿಸುವುದಿಲ್ಲ.”